ಕೊಕ್ಕೆಗೆ ಬೀಳದ ಬಿಲ್ಲೆ

ಗಣಿಯ ಬಾಯಿಯ ಪಕ್ಕ ಒಂದು ಕಿಟಕಿ. ಕಿಟಕಿಯ ಹಿಂದೆ ಒಂದು ಹಲಗೆ, ಹಲಗೆಯ ತುಂಬ ಕೊಕ್ಕೆಗಳು, ಅದರ ಮುಂದೆ ಒಬ್ಬ ಹೆಂಗಸು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ನಿಂತಳು. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಅವಳ ಕೈಗೆ ಕೊಡಬೇಕು. ಅವಳು ಅದನ್ನು ಕೊಕ್ಕೆಗೆ ಹಾಕಿ ಅವನಿಗೊಂದು ದೀಪ ಕೊಡಬೇಕು. ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆ ವಾಪಸು ಪಡೆಯಬೇಕು. ಪಾಳಿ ಮುಗಿದಾಗ ಹಲಗೆ ಬೋಳಾಗಿದ್ದರೆ ಎಲ್ಲರೂ ಮೇಲಿದ್ದಾರೆ. ಒಂದು ಬಿಲ್ಲೆ ಉಳಿದಿದ್ದರೆ ಒಬ್ಬ ಮನುಷ್ಯ ಕೆಳಗೆ ಉಳಿದಿದ್ದಾನೆ. ಇಷ್ಟೇ ಕೆಲಸ. ಇದಕ್ಕೆ ಓದು ಬೇಡ, ತೋಳಬಲ ಬೇಡ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವಷ್ಟು ಹೆದರಿಕೆ ಬೇಕು. ಅದು ಅವಳಲ್ಲಿ ಧಾರಾಳವಾಗಿತ್ತು.

ಎಲ್ಲರೂ ಅವಳನ್ನು ಬಿಲ್ಲೆಯಕ್ಕ ಎನ್ನುತ್ತಿದ್ದರು. ಅವಳಿಗೆ ಎಂಟು ವರ್ಷವಾಗಿದ್ದಾಗ ಇದೇ ಹಲಗೆಯ ಮೇಲೆ ಸಂಜೆ ಒಂದು ಬಿಲ್ಲೆ ಉಳಿದಿತ್ತು. ಅದು ಅವಳ ಅಪ್ಪನದು. ಅಮ್ಮನ ಸೆರಗು ಹಿಡಿದು ನಿಂತು ಅದನ್ನು ನೋಡಿದ್ದಳು. ಗಾಳಿಗೆ ಅದು ಸ್ವಲ್ಪ ಅಲ್ಲಾಡುತ್ತಿತ್ತು, ಅಷ್ಟೇ. ಕಂಪನಿ ಅಪ್ಪನನ್ನು ನುಂಗಿ, ಅಮ್ಮನ ಕೈಗೆ ಪೊರಕೆ ಕೊಟ್ಟು, ಮುಂದೆ ಮಗಳಿಗೆ ಕಿಟಕಿ ಕೊಟ್ಟಿತು. ಇದಕ್ಕೆ ಔದಾರ್ಯ ಅಂತ ಹೆಸರು. ಮಾಲೆ ಹಾಕಿಸಿಕೊಂಡು ಭಾಷಣ ಮಾಡುವಾಗ ದೊಡ್ಡವರು ಅದನ್ನು ಹೇಳಿಕೊಳ್ಳುತ್ತಿದ್ದರು.

ಅಪ್ಪ ಹೋದ ಮೇಲೆ ಅಮ್ಮ ಯೇಸುವಿನ ಸಭೆಗೆ ಸೇರಿದಳು. ಹನ್ನೆರಡನೇ ವಯಸ್ಸಿಗೆ ಮಗಳಿಗೂ ದೀಕ್ಷಾಸ್ನಾನ ಆಯಿತು. ನೀರು ತಣ್ಣಗಿತ್ತು, ಅಮ್ಮ ಹಿಂದಿನಿಂದ ನೂಕಿದಳು, ಅವಳು ಇಳಿದಳು. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಕೊಕ್ಕೆಗೆ ಬಿಲ್ಲೆ ಹಾಕುವಾಗಲೂ ಪ್ರತಿ ನಂಬರಿನ ಜೊತೆ ಆ ಮನುಷ್ಯನ ಹೆಸರನ್ನು ಬಾಯೊಳಗೇ ದೇವರಿಗೆ ಒಪ್ಪಿಸುತ್ತಿದ್ದಳು. ಎಲ್ಲಾದರೂ ಒಂದು ಹೆಸರು ಬಿಟ್ಟುಹೋದರೆ ಎಂದು ನೆನೆದು ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಬಂದು ಮತ್ತೆ ಒಪ್ಪಿಸಿದ್ದೂ ಉಂಟು.

ಅವಳ ಗಂಡ ಸುರಂಗದಲ್ಲಿ ಆಸರೆ ಕಂಬ ನಿಲ್ಲಿಸುವವನು. ನಂಬರು ನಲವತ್ತಮೂರು. ಕುಡಿತವಿಲ್ಲ, ಜೂಜಿಲ್ಲ, ಕೈ ಎತ್ತಿದವನಲ್ಲ. ಅವಳ ಕಷ್ಟವೇ ಅದು. ಕುಡುಕನಾಗಿದ್ದರೆ ಕುಡಿತ ಬಿಡಿಸಿ ದೇವರ ಹತ್ತಿರ ತರಬಹುದಿತ್ತು. ಒಳ್ಳೆಯವನನ್ನು ಯಾವುದರಿಂದ ಬಿಡಿಸುವುದು? ಸಭೆಗೆ ಬನ್ನಿ ಎಂದರೆ ನಗುತ್ತಿದ್ದ.

"ನಿನ್ನ ದೇವರಿಗೆ ನಾನು ಬೇಕಾಗಿದ್ರೆ ಅವನೇ ಬಂದು ಕರೀಲಿ ಬಿಡೇ. ನನಗೇನು ಕಿವುಡಾ?"

ಆ ವರ್ಷ ಸಭೆಯ ಅಯ್ಯನವರು ಆರು ವಾರ ಒಂದೇ ವಿಷಯ ಹಿಡಿದು ಬೋಧಿಸಿದರು. ದೇವರು ಮನುಷ್ಯನನ್ನು ರಕ್ಷಣೆಗೆ ತರುವುದು ಹೇಗೆ ಎಂಬುದು. ಲೋಕ ಹುಟ್ಟುವ ಮೊದಲೇ ಅವನು ತನ್ನವರನ್ನು ಆರಿಸಿದ್ದಾನೆ, ಆರಿಸಿದವರನ್ನು ಕಾಲ ಬಂದಾಗ ಕರೆಯುತ್ತಾನೆ, ಕಲ್ಲಾದ ಎದೆಯನ್ನು ತಾನೇ ತೆರೆಯುತ್ತಾನೆ, ನಂಬಿಕೆಯನ್ನೂ ತಾನೇ ಕೊಡುತ್ತಾನೆ, ಕೊನೆಯ ತನಕ ಕೈಬಿಡುವುದಿಲ್ಲ. ತಂದೆ ಸೆಳೆಯದೆ ಯಾರೂ ತಾವಾಗಿ ಬರಲಾರರು. ಕೇಳಿದವರು ತಲೆದೂಗಿದರು, ಮುದುಕಿಯರು ಕಣ್ಣೊರೆಸಿಕೊಂಡರು. ಬಿಲ್ಲೆಯಕ್ಕ ಮಾತ್ರ ಆ ಕೊನೆಯ ಮಾತಿಗೇ ಸಿಕ್ಕಿಬಿದ್ದಳು. ಸೆಳೆಯದಿದ್ದರೆ? ಮಿಕ್ಕವರಿಗೆ ಆಕಾಶದಲ್ಲಿ ಸಿಂಹಾಸನ ಕಂಡರೆ ಅವಳಿಗೆ ಹಲಗೆ ಕಂಡಿತು. ಲೋಕ ಹುಟ್ಟುವ ಮೊದಲೇ ಹೊಡೆದ ಕೊಕ್ಕೆಗಳು. ನಲವತ್ತಮೂರನೆಯದರಲ್ಲಿ ಏನೂ ಇಲ್ಲ.

ಹೆದರಿದವರು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಮಾಡುತ್ತಾರೆ. ಅವಳು ಗಂಡನನ್ನು ಕೇಳದೆ, ದೀಕ್ಷಾಸ್ನಾನಕ್ಕೆ ಸಿದ್ಧರಾದವರ ಪಟ್ಟಿಯಲ್ಲಿ ಅವನ ಹೆಸರು ಬರೆಸಿಬಂದಳು.

ಸುದ್ದಿ ಅವನಿಗೆ ಮುಟ್ಟಿದ್ದು ನಲ್ಲಿಯ ಹತ್ತಿರ. ಹೇಳಿದವನು ಗೂಬೆ. ಗೂಬೆ ಎಂದರೆ ರಕ್ಷಣಾ ತಂಡದ ಹಿರಿಯ. ಕತ್ತಲಲ್ಲಿ ಅವನಿಗೆ ಕಾಣುವಷ್ಟು ಬೆಳಕಿನಲ್ಲಿ ಬೇರೆಯವರಿಗೆ ಕಾಣುವುದಿಲ್ಲ ಎಂದು ಆ ಹೆಸರು ಬಿದ್ದಿತ್ತು. "ಏನಪ್ಪಾ, ಭಾನುವಾರ ನಿನ್ನನ್ನ ಅದ್ದಿ ತೆಗೀತಾರಂತೆ. ಸೋಪು ತಗೊಂಡು ಹೋಗು, ಒಂದೇ ಖರ್ಚಲ್ಲಿ ಮುಗೀಲಿ" ಎಂದ. ನೀರು ಹಿಡಿಯುತ್ತಿದ್ದವರೆಲ್ಲ ನಕ್ಕರು.

ಅವನು ಖಾಲಿ ಬಿಂದಿಗೆಯೊಂದಿಗೆ ಮನೆಗೆ ಬಂದ.

"ನನ್ನ ಹೆಸರು ಕೊಟ್ಟು ಬಂದ್ಯಂತೆ."

"ನಿಮ್ಮ ಒಳ್ಳೇದಕ್ಕೆ ತಾನೇ ಕೊಟ್ಟಿದ್ದು."

"ನನ್ನ ಒಳ್ಳೇದಕ್ಕಲ್ಲ. ನಿನಗೆ ನಿದ್ದೆ ಬರ್ಲಿ ಅಂತ." ಅವನು ಬೂಟಿನ ದಾರ ಕಟ್ಟುತ್ತ ತಲೆ ಎತ್ತದೆ ಹೇಳಿದ. "ನಾನೇನು ನಿನ್ನ ಕಿಟಕಿಯ ಬಿಲ್ಲೆನಾ, ನಿನಗೆ ಬೇಕಾದ ಕಡೆ ನೇತು ಹಾಕೋಕೆ?"

ಮಾತು ನಿಜವಾಗಿದ್ದರಿಂದ ಉರಿಯಿತು. ಅವಳೂ ಬಿಡಲಿಲ್ಲ. "ನಾಳೆ ತಲೆ ಮೇಲೆ ಕಲ್ಲು ಬಿದ್ರೆ ಆಗ ಗೊತ್ತಾಗುತ್ತೆ" ಎಂದಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು.

ಆ ಬೆಳಿಗ್ಗೆ ಸಾಲಿನಲ್ಲಿ ಅವನು ಕೊನೆಗೆ ಬಂದ. ಕಿಟಕಿಯೊಳಗೆ ಕೈ ಹಾಕಿ ತಾನೇ ಒಂದು ದೀಪ ಎತ್ತಿಕೊಂಡ. ಬಿಲ್ಲೆ ಕೊಡಲಿಲ್ಲ. ಅಂಗಿಯ ಜೇಬು ತಟ್ಟಿ ತೋರಿಸಿ, "ಇದು ನನ್ನದು. ಎಲ್ಲಿ ಹಾಕ್ಬೇಕು ಅಂತ ನಾನು ಹೇಳ್ತೀನಿ" ಎಂದು ಹೊರಟ. ಬಿಲ್ಲೆ ಕೊಡದವನನ್ನು ಇಳಿಸುವಂತಿಲ್ಲ. ಗಂಟೆ ಹೊಡೆದು, ಜನರನ್ನು ಇಳಿಸಿ ಏರಿಸುವ ಕೇಜು ನಿಲ್ಲಿಸಬೇಕು. ಅವಳ ಕೈ ಗಂಟೆಯ ಹಗ್ಗದ ತನಕ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಿಂದೆ ಬಂತು. ಹೋಗಲಿ, ಸೊಕ್ಕು ಇಳಿಯಲಿ ಎಂದುಕೊಂಡು ಬೆನ್ನು ತಿರುಗಿಸಿ ದೀಪದ ಗಾಜು ಒರೆಸತೊಡಗಿದಳು. ಅವನು ಕೇಜಿಗೆ ಹತ್ತಿದನೋ, ಮುನಿಸಿಕೊಂಡು ಬಡಗಿಗಳ ಕೊಟ್ಟಿಗೆಯ ಕಡೆ ಹೋದನೋ ನೋಡಲಿಲ್ಲ. ಅಂದು ಅವಳು ಮೂವತ್ತೆಂಟು ಹೆಸರು ದೇವರಿಗೆ ಒಪ್ಪಿಸಿದಳು. ನಲವತ್ತಮೂರರ ಹೆಸರನ್ನು ಬೇಕೆಂದೇ ಬಿಟ್ಟಳು.

ಹತ್ತು ಗಂಟೆ ದಾಟಿತ್ತು. ಕಾಲ ಕೆಳಗಿನ ನೆಲ ಒಮ್ಮೆ ಮೈ ಕೊಡವಿತು. ಗೂಡಿನಲ್ಲಿದ್ದ ದೀಪಗಳೆಲ್ಲ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟಿದವು. ಆಮೇಲೆ ಸೈರನ್.

ಮೊದಲನೇ, ಎರಡನೇ ಮಟ್ಟದವರು ತಾವಾಗಿಯೇ ಮೇಲೆ ಬಂದರು. ಧೂಳು ಮೆತ್ತಿದ ಕೈಗಳು ಕಿಟಕಿಗೆ ನುಗ್ಗಿದವು. ಅವಳು ಬಿಲ್ಲೆ ಕೊಡುತ್ತ ಪ್ರತಿ ಮುಖ ನೋಡಿದಳು. ನಮ್ಮೋರು ಈ ಕೇಜಿನಲ್ಲಿ ಬರುತ್ತಾರೆ. ಇಲ್ಲ, ಮುಂದಿನದರಲ್ಲಿ. ಬಿಲ್ಲೆ ಕೊಡದೆ ಒಬ್ಬರು ಹೋಗಿದ್ದಾರೆ ಎಂದು ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯಕ್ಕೆ ಹೇಳಲಿಲ್ಲ. ಅವರು ಇಳಿದೇ ಇಲ್ಲ, ಕೊಟ್ಟಿಗೆಯಲ್ಲಿ ಕೂತು ಬೀಡಿ ಸೇದುತ್ತಿದ್ದಾರೆ ಎಂದು ಮನಸ್ಸಿಗೆ ಮತ್ತೆ ಮತ್ತೆ ಹೇಳಿಕೊಂಡಳು. ಹಲಗೆಯಲ್ಲಿ ಐದು ಬಿಲ್ಲೆ ಉಳಿದವು, ಐದೂ ಮೂರನೇ ಮಟ್ಟದವು. ಗೂಬೆಯ ತಂಡ ಇಳಿಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಾಲ್ವರು ನಡೆದು ಬಂದರು, ಐದನೆಯವನನ್ನು ಹೊತ್ತು ತಂದರು. ಅವನಿಗೆ ಪ್ರಜ್ಞೆ ಇರಲಿಲ್ಲ.

ಮ್ಯಾನೇಜರ್ ಕಿಟಕಿಯ ಹತ್ತಿರ ಬಂದ.

"ಹಲಗೆ ಬೋಳಾಯ್ತಾ?"

"ಆಯ್ತು ಸಾರ್."

ದಿನಕ್ಕೆ ಎರಡು ಸಲದಂತೆ ಹತ್ತೊಂಬತ್ತು ವರ್ಷ ಆಡಿದ ಮಾತು. ಅವಳನ್ನು ಕೇಳದೆ ತಾನಾಗಿಯೇ ಬಾಯಿಂದ ಬಿತ್ತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ, ಮೂರನೇ ಮಟ್ಟಕ್ಕೆ ಅಡ್ಡ ಗೋಡೆ ಕಟ್ಟಿಬಿಡಿ, ಸೂರು ಇನ್ನೂ ಮುರಿಯುತ್ತಿದೆ, ಹೊಗೆ ಬೇರೆ ಇದೆ, ಎಂದು ಅಪ್ಪಣೆ ಕೊಡುತ್ತಿದ್ದ.

ಅವಳು ಬಡಗಿಗಳ ಕೊಟ್ಟಿಗೆಗೆ ಓಡಿದಳು. ಮುದಿ ಬಡಗಿ ಒಬ್ಬನೇ ಕೂತಿದ್ದ.

"ನಮ್ಮೋರು ಬಂದಿದ್ರಾ ಅಣ್ಣ?"

"ನಿನ್ನ ಗಂಡನಾ? ಬೆಳಿಗ್ಗೆನೇ ನಾಲ್ಕು ಕಂಬ ಆರಿಸ್ಕೊಂಡು ಇಳಿದ್ನಲ್ಲ. ಮೂರನೇ ಮಟ್ಟದ ತುದೀಲಿ ಸೂರು ಬಾಗಿದೆ, ನಾನೊಬ್ಬನೇ ನೋಡ್ಕೊಂಡು ಬರ್ತೀನಿ ಅಂದ." ಅವಳ ಮುಖ ನೋಡಿ ಅವನ ಕೈಯ ಉಳಿ ನಿಂತಿತು. "ಯಾಕವ್ವ, ಮೇಲೆ ಬಂದಿಲ್ವಾ?"

ಬಿಲ್ಲೆಯಕ್ಕ ಹೇಗೆ ವಾಪಸು ಬಂದಳೋ ಅವಳಿಗೇ ಗೊತ್ತಿಲ್ಲ. ಗಣಿಯ ಬಾಯಿಯಲ್ಲಿ ನಾಲ್ವರು ಗಾರೆಯವರು ಇಟ್ಟಿಗೆಯನ್ನು ಕೇಜಿಗೆ ಏರಿಸುತ್ತಿದ್ದರು. ಗೂಬೆ ಮತ್ತು ಅವನ ತಂಡದವರು ನೆಲದ ಮೇಲೆ ಕುಸಿದು ನೀರು ಕುಡಿಯುತ್ತಿದ್ದರು.

"ಸಾರ್, ಗೋಡೆ ಕಟ್ಬೇಡಿ. ಇನ್ನೊಬ್ರು ಕೆಳಗಿದಾರೆ. ನಲವತ್ಮೂರು."

"ಹಲಗೆ ಬೋಳಾಯ್ತು ಅಂದೆ."

"ಅಂದೆ. ತಪ್ಪು ನಂದು. ಬೆಳಿಗ್ಗೆ ಅವರು ಬಿಲ್ಲೆ ಕೊಡ್ಲಿಲ್ಲ, ನಾನು ಗಂಟೆ ಹೊಡೀಲಿಲ್ಲ."

ಮ್ಯಾನೇಜರ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ಕೆಟ್ಟವನೇನಲ್ಲ. ಕಾಗದ ಹೇಳಿದ್ದನ್ನು ಕಣ್ಣಿಗಿಂತ ಹೆಚ್ಚು ನಂಬುವ ಜಾತಿಯವನು. "ನೋಡಮ್ಮ, ದಾಖಲೆ ಅಂದ್ರೆ ಹಲಗೆ. ಅದರಲ್ಲಿ ಇಲ್ಲದವನಿಗೋಸ್ಕರ, ಬದುಕಿದಾನೋ ಇಲ್ವೋ ಗೊತ್ತಿಲ್ಲದವನಿಗೋಸ್ಕರ, ಆರು ಜನರನ್ನ ಮುರಿಯೋ ಸೂರಿನ ಕೆಳಗೆ ಕಳಿಸಲಾ? ನಾಳೆ ಅವರ ಹೆಂಡ್ತೀರಿಗೆ ಯಾರು ಉತ್ತರ ಕೊಡ್ತಾರೆ, ನೀನಾ?"

"ಕಿಟಕಿ ತಗೊಳ್ಳಿ ಸಾರ್, ಕಂಪನಿ ಮನೇನೂ ತಗೊಳ್ಳಿ" ಎಂದಳು.

ಗೂಬೆ ಉಳಿದ ನೀರನ್ನು ತಲೆಗೆ ಸುರಿದುಕೊಂಡು ಎದ್ದ. "ಆರು ಜನ ಯಾಕೆ ಸಾರ್, ನಾನೊಬ್ಬ ಹೋಗ್ತೀನಿ. ನನ್ನವಳು ಸತ್ತು ಹತ್ತು ವರ್ಷ ಆಯ್ತು. ಬೈಯೋಕೂ ಯಾರಿಲ್ಲ."

"ಅವನ ಹೆಸರೇ ಹಲಗೇಲಿ ಇಲ್ಲ ಕಣಯ್ಯ."

"ಹಲಗೆ ನೋಡ್ಕೊಂಡು ಇಳಿಯೋನಲ್ಲ ನಾನು. ಆ ಬಡ್ಡಿಮಗನ್ನ ಹುಟ್ಟಿದಾಗಿಂದ ಬಲ್ಲೆ."

ಇನ್ನಿಬ್ಬರು ಮಾತಿಲ್ಲದೆ ಎದ್ದರು. ಗಾರೆಯವರು ಇಟ್ಟಿಗೆ ಇಳಿಸಿ ಅದರ ಮೇಲೇ ಕೂತುಬಿಟ್ಟರು. ಯಾರೂ ಘೋಷಣೆ ಕೂಗಲಿಲ್ಲ, ಮುಷ್ಟಿ ಎತ್ತಲಿಲ್ಲ. ಕೂತವರನ್ನು ಎಬ್ಬಿಸುವುದು ಎಷ್ಟು ಕಷ್ಟ ಎಂದು ಮ್ಯಾನೇಜರಿಗೆ ಹಳೆಯ ಮುಷ್ಕರದಲ್ಲಿ ಅನುಭವವಾಗಿತ್ತು. "ಕತ್ತಲಾಗೋ ತನಕ ನೋಡ್ತೀನಿ" ಎಂದು ಕಚೇರಿಗೆ ಹೋದ.

ಗೂಬೆ ತನ್ನ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟ. "ಇದನ್ನಾದ್ರೂ ಸರಿಯಾಗಿ ಹಾಕು ತಾಯಿ."

ಕೇಜು ಇಳಿಯಿತು.

ಸಭೆಯ ಅಯ್ಯನವರು ಸೈಕಲ್ ತುಳಿದುಕೊಂಡು ಬಂದಾಗ ಅವಳು ಕಿಟಕಿಯ ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಹಲಗೆಯಲ್ಲಿ ಮೂರು ಬಿಲ್ಲೆ. ಅಯ್ಯನವರು ಸಣಕಲು ಮನುಷ್ಯ. ಬೆವರು ಒರೆಸಿಕೊಂಡು ಬಾಗಿಲ ಹೊಸ್ತಿಲ ಮೇಲೆ ಕೂತರು. ಅವಳೇ ಶುರುಮಾಡಿದಳು.

"ಅಯ್ಯಾ, ಒಂದು ಕೇಳ್ತೀನಿ. ಸುತ್ತಿ ಬಳಸಿ ಹೇಳ್ಬೇಡಿ. ದೇವರು ಆರಿಸಿದೋರಲ್ಲಿ ನಮ್ಮೋರು ಇದಾರಾ?"

"ನನಗೆ ಗೊತ್ತಿಲ್ಲಮ್ಮ."

"ಮತ್ತೆ ಆರು ವಾರ ಏನು ಹೇಳಿದ್ರಿ?"

ಅಯ್ಯನವರು ನೊಂದುಕೊಳ್ಳಲಿಲ್ಲ. "ಪಟ್ಟಿ ನೋಡಿದೀನಿ ಅಂತ ಯಾವತ್ತೂ ಹೇಳ್ಲಿಲ್ಲ. ಬರೆದೋನು ಎಂಥೋನು ಅಂತ ಹೇಳೋಕೆ ನೋಡಿದೆ. ನನಗೆ ಹೇಳೋಕೆ ಬರ್ಲಿಲ್ಲ ಅಂತ ಕಾಣುತ್ತೆ."

"ಈಗ ಉಸಿರು ಹೋಗಿದ್ರೆ, ಬೇಡ ಅಂದುಕೊಂಡೇ ಹೋದ್ರು. ನಾನು ಹೆಸರು ಕೊಡದಿದ್ರೆ ಅವರು ಬಿಲ್ಲೆ ಕೊಡ್ತಿದ್ರು. ರಕ್ಷಣೆಗೆ ತರೋಕೆ ಹೋಗಿ ನಾನೇ ಕೊಂದೆ."

"ಅವನನ್ನ ರಕ್ಷಣೆಗೆ ತರೋದು ನಿನ್ನ ಕೆಲಸ ಅಂತ ಯಾರಮ್ಮ ಹೇಳಿದ್ದು?"

ಅದು ಸಮಾಧಾನದ ಮಾತಾಗಿ ಅವಳಿಗೆ ಕೇಳಿಸಲಿಲ್ಲ. ಕಾಲ ಕೆಳಗಿನ ಹಲಗೆ ಎಳೆದಂತಾಯಿತು. ತಾನು ಹೆಸರು ಹೇಳಿದರೆ ದೇವರು ಕಾಯುತ್ತಾನೆ, ಬಿಟ್ಟರೆ ಬಿಡುತ್ತಾನೆ, ಎಂದು ಅವಳು ಇಷ್ಟು ವರ್ಷ ಬದುಕಿದ್ದಳು. ತನ್ನನ್ನೇ ಕಿಟಕಿಯಲ್ಲಿ ಕೂರಿಸಿಕೊಂಡು ದೇವರನ್ನು ಕೇಜು ನಡೆಸುವವನನ್ನಾಗಿ ಮಾಡಿದ್ದಳು. ಅವಳು ಗಂಟೆ ಹೊಡೆದರೆ ಅವನು ಎಳೆಯಬೇಕು. ಈಗ ಅವಳ ಕೈಯಲ್ಲಿ ಹಗ್ಗವಿಲ್ಲ. ಎಲ್ಲ ಅವನ ಕೈಯಲ್ಲಿ. ಆ ಕೈ ಹೇಗಿರುತ್ತದೆ ಎಂದು ತನಗೆ ಗೊತ್ತೇ ಇಲ್ಲವೆಂಬುದು ಅವಳಿಗೆ ಆಗ ಹೊಳೆಯಿತು.

"ಅವನು ಬೇಡ ಅಂದ್ರೆ?" ಎಂದಳು. ಗಂಡನ ಬಗ್ಗೆ ಅಲ್ಲ, ದೇವರ ಬಗ್ಗೆ ಕೇಳಿದಳು. ಅಯ್ಯನವರಿಗೆ ಅದು ಅರ್ಥವಾಯಿತು.

"ಬೇಡ ಅನ್ನೋನು ಇಳಿದು ಬರ್ತಿರಲಿಲ್ಲ" ಎಂದು ಅವರು ಗಣಿಯ ಬಾಯಿಯ ಕಡೆ ನೋಡಿದರು. "ನಮ್ಮಲ್ಲಿ ಯಾರೂ ದೇವರ ತನಕ ಹತ್ತಿ ಹೋದವರಲ್ಲಮ್ಮ. ಯೇಸುವೇ ಇಳಿದ. ಸತ್ತವರ ತನಕ ಇಳಿದ. ನನಗೆ ಗೊತ್ತಿರೋದು ಅಷ್ಟೇ."

ಅವಳು ಪ್ರಾರ್ಥನೆ ಮಾಡಲು ನೋಡಿದಳು. ಹೆಸರುಗಳ ಸಾಲು ಬಾಯಿಗೆ ಬರಲಿಲ್ಲ. ನನ್ನ ಹತ್ತಿರ ಏನೂ ಇಲ್ಲ, ನೀನೇ ನೋಡು, ಎಂಬಷ್ಟು ಮಾತ್ರ ಬಂತು. ಅದೂ ಪ್ರಾರ್ಥನೆಯೋ ಜಗಳವೋ ಅವಳಿಗೆ ತಿಳಿಯಲಿಲ್ಲ.

ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ ಹತ್ತಿತು. ಐದು ಗಂಟೆಯ ಸುಮಾರಿಗೆ ಕೆಳಗಿನಿಂದ ಗಂಟೆ ಅಲ್ಲಾಡಿತು. ಮೂರು ಹೊಡೆದರೆ ಜನ ಮೇಲೆ ಬರುತ್ತಿದ್ದಾರೆ. ಅದರ ಹಿಂದೆಯೇ ನಾಲ್ಕನೆಯದು ಬಿದ್ದರೆ ಜೊತೆಯಲ್ಲಿ ಹೆಣವಿದೆ. ಗಣಿಯವರ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದು ಬರುತ್ತದೆ. ಅಪ್ಪನ ದಿನ ನಾಲ್ಕು ಬಿದ್ದಿತ್ತು.

ಒಂದು. ಇಟ್ಟಿಗೆಯ ಮೇಲಿದ್ದವರು ಎದ್ದು ನಿಂತರು. ಎರಡು. ಅಯ್ಯನವರು ತುಟಿ ಅಲ್ಲಾಡಿಸುತ್ತಿದ್ದರು. ಮೂರು.

ಅವಳು ಎರಡು ಕೈಯಲ್ಲೂ ಕಿಟಕಿಯ ಕಟ್ಟೆ ಹಿಡಿದಳು. ಹಗ್ಗ ಸಣ್ಣಗೆ ನಡುಗಿತು. ಇನ್ನೊಮ್ಮೆ ನಡುಗಿತು. ನಾಲ್ಕನೆಯದು ಬೀಳಲಿಲ್ಲ. ಕೇಜಿನ ತಂತಿ ಮೇಲಕ್ಕೆ ಸುತ್ತಿಕೊಳ್ಳತೊಡಗಿತು. ಅವಳು ಕಿಟಕಿ ಬಿಟ್ಟು ಗಣಿಯ ಬಾಯಿಗೆ ಓಡಿದಳು.

ಗಂಡ ಬದುಕಿದ, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯಲ್ಲಿ ಮೂರನೇ ದಿನ ಅವನಿಗೆ ಬಾಯಿ ಬಂತು. ಬಂದ ಕೂಡಲೆ ಜಂಬ ಶುರುವಾಯಿತು. ನೋಡಲು ಬಂದ ಗೂಬೆಗೆ ಬಿಲ್ಲೆ ತೋರಿಸಿದ. ಅದರ ಅಂಚು ಜಜ್ಜಿಹೋಗಿತ್ತು.

"ಇವಳ ಕೈಗೆ ಕೊಟ್ಟಿದ್ರೆ ಸತ್ತಿದ್ದೆ. ಒಂದು ಕೈ ಮಾತ್ರ ಆಡ್ತಿತ್ತು, ಜೇಬಲ್ಲಿ ಇದು ಸಿಕ್ತು. ಗಾಳಿ ಪೈಪಿಗೆ ಬಡಿದೆ. ನಾನು ಬಡಿದಿದ್ದಕ್ಕೆ ನಿಮಗೆ ಗೊತ್ತಾಯ್ತು."

ಗೂಬೆ ತಂದಿದ್ದ ಹಣ್ಣನ್ನು ತಾನೇ ಸುಲಿದು ತಿನ್ನುತ್ತಿದ್ದ. "ಬಡಿದೆ ಬಡಿದೆ. ಯಾವಾಗ ಬಡಿದೆ?"

"ನೀವು ಬಡಿದಿದ್ದು ಕೇಳಿದ ಮೇಲೆ."

"ನಾವು ಇಳಿದ ಗಳಿಗೆಯಿಂದ ಬಡೀತಿದ್ವಿ ಕಣೋ. ಐದು ಏಟು, ನಿಲ್ಲಿಸು, ಕಿವಿ ಕೊಡು. ಮತ್ತೆ ಐದು. ಎರಡೂವರೆ ಗಂಟೆ. ನನ್ನ ತೋಳು ನೋಡು, ಇನ್ನೂ ಎತ್ತೋಕೆ ಆಗಲ್ಲ. ನೀನು ಆಗ ಏನ್ ಮಾಡ್ತಿದ್ದೆ, ನಿದ್ದೆನಾ?"

ಗಂಡ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಮಲಗಿದ. ಜಂಬ ಅಲ್ಲಿಗೆ ನಿಂತಿತು. ಆಮೇಲೆ ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ.

ವಿಚಾರಣೆ ನಡೆದು ಅವಳ ಕಿಟಕಿ ಹೋಯಿತು. ಮನೆಯನ್ನೂ ಬಿಡಿಸುವ ಮಾತಿತ್ತು. ಗಾರೆಯವರ ಹಿಂದೆ ಇಡೀ ಪಾಳಿ ಗೇಟಿನಲ್ಲಿ ಎರಡು ದಿನ ಕೂತಿದ್ದಕ್ಕೆ ಕಂಪನಿಗೆ ಮತ್ತೆ ಔದಾರ್ಯ ನೆನಪಾಯಿತು. ಅದೇ ಕೋಣೆಯ ಮೂಲೆಯಲ್ಲಿ ದೀಪದ ಗಾಜು ತೊಳೆಯುವ ಕೆಲಸ ಕೊಟ್ಟರು. ಹಲಗೆಯ ಮುಂದೆ ಈಗ ಬೇರೊಬ್ಬಳು. ಬಿಲ್ಲೆಯಕ್ಕ ತಾನೇ ಹೋಗಿ ದೀಕ್ಷಾಸ್ನಾನದ ಪಟ್ಟಿಯಿಂದ ಗಂಡನ ಹೆಸರು ತೆಗೆಸಿ ಬಂದಳು. ಮನೆಯಲ್ಲಿ ದೇವರ ಮಾತು ಎತ್ತಲಿಲ್ಲ. ಎತ್ತಬಾರದು ಎಂದಲ್ಲ. ಹೆದರಿಕೆ.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಅವನು ಊರುಗೋಲು ಎಳೆದುಕೊಂಡು, "ನಾನೂ ಬರ್ತೀನಿ ನಡಿ" ಎಂದ. ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂತರು. ಬೋಧನೆಯ ಉದ್ದಕ್ಕೂ ಅವಳು ಅವನ ಕಡೆ ತಿರುಗಲಿಲ್ಲ. ಮುಗಿದ ಮೇಲೆ ಅಯ್ಯನವರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಾಗ ಗಂಡ ಅವರ ಮುಂದೆ ನಿಂತ.

"ಸೇರ್ತೀನಿ ಅಂತ ಹೇಳೋಕೆ ಬಂದಿಲ್ಲ" ಎಂದ. "ಕೇಳಿಸ್ತು ಅಂತ ಹೇಳೋಕೆ ಬಂದೆ."

ಅಯ್ಯನವರು ಅವನ ಭುಜದ ಮೇಲೆ ಕೈಯಿಟ್ಟರು. "ಅದೇ ಮೊದಲು" ಎಂದರು.

ಮನೆಯ ದಾರಿಯಲ್ಲಿ ಅವಳ ಎದೆಯಲ್ಲಿ ಸಂತೋಷ ಇರಬೇಕಿತ್ತು. ಇದ್ದದ್ದು ಬೇರೆ. ಇವರಿಗೆ ಕೇಳಿಸಿತು. ನನಗೆ ಯಾವತ್ತು ಕೇಳಿಸಿತು? ಅಮ್ಮ ನೂಕಿದಳು, ನೀರಿಗಿಳಿದೆ. ಊರಿನ ಬಿಲ್ಲೆಯನ್ನೆಲ್ಲ ಕೊಕ್ಕೆಗೆ ಹಾಕಿದೆ. ನನ್ನದನ್ನು ಯಾರ ಕೈಗೆ ಕೊಟ್ಟೆ? ಬೀದಿಯ ತಿರುವಿನಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಂತ. ಅವಳು ಕೇಳಿದಳು.

"ರೀ, ಅವರು ಪೈಪು ಬಡಿದಿದ್ದು ಮೊದಲು ಹೇಗೆ ಕೇಳಿಸ್ತು?"

ಅವನು ಸ್ವಲ್ಪ ಯೋಚಿಸಿದ. "ಬಡಿತ ಅಂತ ಗೊತ್ತೇ ಆಗ್ಲಿಲ್ಲ ಕಣೇ. ಸೂರು ಇನ್ನೊಂದ್ಸಲ ಬೀಳ್ತಿದೆ ಅನ್ನಿಸ್ತು. ಪ್ರಾಣ ಹೋಗೋ ಹೆದರಿಕೆ. ಕೇಳಬಾರದು ಅಂತ ಕಿವಿ ಮುಚ್ಕೊಳ್ಳೋಕೆ ನೋಡಿದೆ, ಕೈ ಎಟುಕಲಿಲ್ಲ. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ನೋಡ್ತೀನಿ, ಐದಕ್ಕೊಂದ್ಸಲ ನಿಲ್ತಾ ಇದೆ. ಕಲ್ಲು ಹಾಗೆ ನಿಂತು ಕಾಯಲ್ಲ."

ಅವಳು ನಡುಬೀದಿಯಲ್ಲೇ ನಿಂತುಬಿಟ್ಟಳು. ಎಂಟನೇ ವರ್ಷದಿಂದ ಅವಳ ಎದೆಯೊಳಗೆ ಆ ಹೆದರಿಕೆಯ ಸದ್ದು ಇತ್ತು. ಊಟದ ಹೊತ್ತಿನಲ್ಲಿ, ಕಿಟಕಿಯಲ್ಲಿ, ನಿದ್ದೆಯ ಅಂಚಿನಲ್ಲಿ. ಅದೂ ಹಾಗೆ ನಡುನಡುವೆ ನಿಂತು ಕಾಯುತ್ತದೆಯೇ ಎಂದು ಅವಳು ಯಾವತ್ತೂ ಕಿವಿ ಕೊಟ್ಟು ನೋಡಿರಲಿಲ್ಲ.

"ಏನಾಯ್ತೇ?"

"ಏನಿಲ್ಲ. ಒಂದು ಗಳಿಗೆ ಸುಮ್ನಿರಿ" ಎಂದಳು.